ನೂರು ಗಂಟೆಯ ಟಾರ್ಚು

ದೇರೆಬೈಲ್, ಮಂಗಳೂರು
24 ಏಪ್ರಿಲ್ 2025

ಪ್ರಿಯ ಇಜಾಝ್,

ನಾನು ಹರಿದಾಸ, ನಿನಗೆ ಪಿಯುಸಿಯಲ್ಲಿ ಭೌತಶಾಸ್ತ್ರ ಕಲಿಸಿದವನು. ಅಕ್ಷರ ನೋಡಿದ ಕೂಡಲೇ ಗೊತ್ತಾಗಿರಬಹುದು. ನಿನ್ನ ರೆಕಾರ್ಡ್ ಪುಸ್ತಕದ ತುಂಬ ಇದೇ ಅಕ್ಷರ ಕೆಂಪು ಶಾಯಿಯಲ್ಲಿ ಇತ್ತು. ವಾಟ್ಸಾಪ್ ಮಾಡಬಹುದಲ್ಲ ಎಂದು ನಿನ್ನ ತಂಗಿ ರೈಹಾನಾ ಹೇಳಿದಳು. ವಾಟ್ಸಾಪಿನಲ್ಲಿ ಒಂದು ಹೆಬ್ಬೆರಳು ಎತ್ತಿ ತೋರಿಸಿ ತಪ್ಪಿಸಿಕೊಳ್ಳಲು ದಾರಿ ಉಂಟು. ಹಾಗಾಗಿ ಕಾಗದ. ಕಾಟಿಪಳ್ಳದ ನಿಮ್ಮ ನೆಂಟ ತಮೀಮ್ ತಿಂಗಳಿಗೊಮ್ಮೆ ಶಾರ್ಜಾಕ್ಕೆ ಹೋಗಿ ಬರುತ್ತಾನಂತೆ, ಅವನ ಕೈಯಲ್ಲಿ ಕೊಟ್ಟಿದ್ದೇನೆ.

ಮೊದಲು ಕೃತಜ್ಞತೆ, ಆಮೇಲೆ ತಕರಾರು.

ಮಾರ್ಚ್ ತಿಂಗಳಲ್ಲಿ ಬಂದರಿನ ನಿಮ್ಮ ಅಂಗಡಿ ಮತ್ತೆ ತೆರೆದ ದಿನ ನಾನು ಹೋಗಿದ್ದೆ. 'ಪುತ್ತುಬಾವ ಆ್ಯಂಡ್ ಸನ್ಸ್' ಎಂಬ ಬೋರ್ಡಿಗೆ ಹೊಸ ಬಣ್ಣ. "ಸನ್ಸ್ ಎಲ್ಲಿ ಮಾರಾಯ್ತಿ?" ಎಂದು ಕೇಳಿದೆ. "ಸನ್ ಶಾರ್ಜಾದಲ್ಲಿ, ಡಾಟರ್ ಗಲ್ಲಾದಲ್ಲಿ ಮಾಸ್ಟ್ರೇ" ಎಂದಳು ರೈಹಾನಾ. ನೀನು ಹೊಸದಾಗಿ ತರಿಸಿದ ಎಲ್ಇಡಿ ಟಾರ್ಚು ಒಂದನ್ನು ಕೈಗೆ ತುರುಕಿ, ದುಡ್ಡು ಬೇಡವೇ ಬೇಡ ಎಂದಳು. ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ನಿನ್ನ ತಂದೆಯ, ನಿಮ್ಮ ಮಾತಿನಲ್ಲಿ ಉಪ್ಪನ, ಹೆಸರು.

1987ರ ಮಾರ್ಚ್ ನಿನಗೆ ಗೊತ್ತಿರಲಿಕ್ಕಿಲ್ಲ. ದ್ವಿತೀಯ ಪಿಯುಸಿ ಪ್ರಾಯೋಗಿಕ ಪರೀಕ್ಷೆ, ಮಸೂರದ ಪ್ರಯೋಗ, ಬೆಳಗ್ಗೆ ಒಂಬತ್ತಕ್ಕೇ ಕರೆಂಟು ಹೋಯಿತು. ಮೈಸೂರಿನಿಂದ ಬಂದ ಪರೀಕ್ಷಕರಿಗೆ ಮಧ್ಯಾಹ್ನದ ಬಸ್ಸು ಹಿಡಿಯುವ ಅವಸರ. ಬೆಳಕು ಬರದಿದ್ದರೆ ಎಲ್ಲರಿಗೂ ಗೈರುಹಾಜರಿ ಹಾಕುತ್ತೇನೆ ಎಂದರು. ನಾನು ಅಟೆಂಡರನ್ನು ಬಂದರಿಗೆ ಓಡಿಸಿದೆ. ಮುಕ್ಕಾಲು ಗಂಟೆಯಲ್ಲಿ ನಿನ್ನ ಉಪ್ಪ ಪುತ್ತುಬಾವ ಬ್ಯಾರಿಗಳು ತಾವೇ ರಿಕ್ಷಾದಲ್ಲಿ ಬಂದರು. ಮೂರು ಸೆಲ್ಲಿನ ಇಪ್ಪತ್ತನಾಲ್ಕು ಟಾರ್ಚು, ಎಲ್ಲದಕ್ಕೂ ಸೆಲ್ ತುಂಬಿಸಿ. ಪರೀಕ್ಷೆ ಮುಗಿಯುವವರೆಗೆ ಜಗಲಿಯಲ್ಲಿ ಕೂತಿದ್ದರು. ಹಣ ತೆಗೆದುಕೊಳ್ಳಲಿಲ್ಲ. ಅವರು ಟಾರ್ಚ್ ಮಾರುವಾಗ ಹಿಂದಿನ ಮುಚ್ಚಳದ ಸ್ಪ್ರಿಂಗಿನೊಳಗೆ ಇನ್ನೊಂದು ಬಲ್ಬನ್ನು ಹೇಳದೆ ಇಡುತ್ತಿದ್ದರು. ಗಿರಾಕಿಗೆ ಅದು ಗೊತ್ತಾಗುವುದು ಎಷ್ಟೋ ದಿನ ಕಳೆದು, ಮೊದಲಿನ ಬಲ್ಬು ಸುಟ್ಟುಹೋದ ಮೇಲೆ.

ಅಂಥವರ ಹೆಸರಿನ ಪೆಟ್ಟಿಗೆಯಲ್ಲಿ 'ಒಮ್ಮೆ ಚಾರ್ಜ್ ಮಾಡಿದರೆ 100 ಗಂಟೆ ಬೆಳಕು' ಎಂದು ಅಚ್ಚಾಗಿದೆ.

ನಾನು ಮೂರು ಸಲ ಅಳೆದಿದ್ದೇನೆ. ಹಗಲಿನಲ್ಲಿ ಉಗ್ರಾಣದ ಬಾಗಿಲು ಮುಚ್ಚಿ, ಟಾರ್ಚನ್ನು ಅಕ್ಕಿ ಡಬ್ಬದ ಮೇಲಿಟ್ಟು, ಎದುರಿಗೆ ಪತ್ರಿಕೆಯ ಚಿಕ್ಕ ಜಾಹೀರಾತಿನ ಪುಟ ತೂಗುಹಾಕಿ. ಅಕ್ಷರ ಕಾಣದಾಗುವ ಹೊತ್ತನ್ನು ನನ್ನ ಹೆಂಡತಿ ಮುಕ್ತಾ ಗಡಿಯಾರ ನೋಡಿ ಬರೆದುಕೊಂಡಿದ್ದಾಳೆ. ಎರಡು ಗಂಟೆ ಐವತ್ತೆರಡು ನಿಮಿಷ. ಎರಡು ಐವತ್ತು. ಎರಡು ನಲವತ್ತೇಳು.

ಇದು ಬೇರೆಯವರ ಟಾರ್ಚಾಗಿದ್ದರೆ ಇಷ್ಟರಲ್ಲಿ ಪತ್ರಿಕೆಯ ಓದುಗರ ಅಂಕಣದಲ್ಲಿ ಬಂದಿರುತ್ತಿತ್ತು. ನಿನಗೆ ಮೊದಲು ಬರೆದದ್ದು ನಿನ್ನ ಉಪ್ಪನ ಮುಖ ನೋಡಿ.

ಉತ್ತರ ಬರೆ.

ನಿನ್ನ
ಹರಿದಾಸ


ಶಾರ್ಜಾ
9 ಮೇ 2025

ಗೌರವಾನ್ವಿತ ಹರಿದಾಸ ಸರ್‌ಗೆ ಇಜಾಝ್ ಮಾಡುವ ಸಲಾಂ.

ನಿಮ್ಮ ಕಾಗದ ತಲುಪಿತು. ಇಪ್ಪತ್ತು ವರ್ಷದಲ್ಲಿ ನನಗೆ ಯಾರೂ ಕೈಯಲ್ಲಿ ಬರೆದ ಕಾಗದ ಕಳಿಸಲಿಲ್ಲ. ಉಪ್ಪನ ಬಗ್ಗೆ ಬರೆದದ್ದನ್ನು ಎರಡು ಸಲ ಓದಿದೆ, ರೂಮಿನಲ್ಲಿ ಇದ್ದವರಿಗೂ ಓದಿ ಹೇಳಿದೆ. ಆ ಪರೀಕ್ಷೆಯ ಸಂಗತಿ ಉಪ್ಪ ಮನೆಯಲ್ಲಿ ಒಮ್ಮೆಯೂ ಹೇಳಿರಲಿಲ್ಲ. ತೀರಿಕೊಂಡು ನಾಲ್ಕು ವರ್ಷವಾದ ಮೇಲೆ ಅವರ ಬಗ್ಗೆ ಒಂದು ಹೊಸ ವಿಷಯ ಸಿಕ್ಕಿತು. ನಿಮಗೆ ಹೇಗೆ ಧನ್ಯವಾದ ಹೇಳುವುದು ಗೊತ್ತಾಗುವುದಿಲ್ಲ.

ಟಾರ್ಚಿನ ಬಗ್ಗೆ. ಸರ್, ವಿದೇಶದ ಟಾರ್ಚ್ ಕಂಪನಿಗಳು ಒಪ್ಪಿಕೊಂಡ ಒಂದು ನಿಯಮ ಉಂಟು. ಸ್ವಿಚ್ ಹಾಕಿ ಅರ್ಧ ನಿಮಿಷಕ್ಕೆ ಬೆಳಕು ಎಷ್ಟಿರುತ್ತದೋ ಅದರ ಹತ್ತರಲ್ಲೊಂದು ಪಾಲಿಗೆ ಇಳಿಯುವವರೆಗೆ ಟಾರ್ಚು ಉರಿಯುತ್ತಿದೆ ಎಂದೇ ಲೆಕ್ಕ. ನೀವು ಅಕ್ಷರ ಕಾಣುವವರೆಗೆ ಮಾತ್ರ ನೋಡಿದ್ದೀರಿ. ಅಲ್ಲದೆ ನೀವು ಅಳೆದದ್ದು ದೊಡ್ಡ ಬೆಳಕಿನಲ್ಲಿ ಇರಬೇಕು. ಸ್ವಿಚ್ಚನ್ನು ಎರಡು ಸಲ ಒತ್ತಿದರೆ ಸಣ್ಣ ಬೆಳಕು ಬರುತ್ತದೆ, ಅದು ತುಂಬ ಹೊತ್ತು ಬರುತ್ತದೆ.

ನಿಮ್ಮಲ್ಲಿ ಮುಚ್ಚಿಡುವುದು ಯಾಕೆ, ಈ ಟಾರ್ಚಿನ ಮೇಲೆ ನಾನು ಬಹಳ ಆಸೆ ಇಟ್ಟಿದ್ದೇನೆ. ಅಂಗಡಿ ಮೂರು ವರ್ಷ ಮುಚ್ಚಿತ್ತು. ಇದು ಈ ಮಳೆಗಾಲದಲ್ಲಿ ನಡೆದರೆ ವರ್ಷದ ಕೊನೆಗೆ ನಾನು ಇಲ್ಲಿಯದ್ದು ಬಿಟ್ಟು ಊರಿಗೆ ಬಂದು ಉಪ್ಪನ ಜಾಗದಲ್ಲಿ ಕೂರುತ್ತೇನೆ. ನಡೆಯದಿದ್ದರೆ ರೈಹಾನಾ ಅಂಗಡಿಯ ಬೀಗದ ಕೈಯನ್ನು ಕಟ್ಟಡದವರಿಗೆ ಕೊಟ್ಟುಬಿಡುತ್ತಾಳೆ. ಹಾಗಾಗಿ ಪತ್ರಿಕೆಗೆ ಬರೆಯುವ ಮೊದಲು ಸ್ವಲ್ಪ ಆಲೋಚಿಸಿ ಸರ್.

ಮುಕ್ತಕ್ಕನಿಗೆ ನನ್ನ ಸಲಾಂ ಹೇಳಿ.

ನಿಮ್ಮ ವಿದ್ಯಾರ್ಥಿ
ಇಜಾಝ್


ದೇರೆಬೈಲ್
20 ಮೇ 2025

ಪ್ರಿಯ ಇಜಾಝ್,

ಹತ್ತರಲ್ಲೊಂದು ಪಾಲಿನ ನಿಯಮ ನನಗೆ ಗೊತ್ತು. ನಿನ್ನ ಕಾಗದ ಬರುವ ಮೊದಲೇ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಓದಿದ್ದೆ. ನಲವತ್ತು ಮಕ್ಕಳ ತರಗತಿಯಲ್ಲಿ ನಾಲ್ವರು ಮಾತ್ರ ಕೂತಿರುವಾಗ ನಾನು ಹಾಜರಿ ಪುಸ್ತಕದಲ್ಲಿ 'ತರಗತಿ ನಡೆಯಿತು' ಎಂದು ಬರೆದರೆ ಅದು ಸುಳ್ಳಲ್ಲ. ಆದರೆ ಹೆತ್ತವರಿಗೆ ತೋರಿಸುವ ಮುಖ ಇರುತ್ತದೆಯೇ?

ಆದರೂ ನ್ಯಾಯವಾಗಿ ನಡೆಯೋಣ ಎಂದು ನಿನ್ನ ನಿಯಮದಂತೆಯೇ ಅಳೆದೆ. ಹಳೆಯ ಕಾಲೇಜಿನ ಲ್ಯಾಬಿನಿಂದ ಬೆಳಕು ಅಳೆಯುವ ಮೀಟರನ್ನು ಕೇಳಿ ತಂದೆ. ದೊಡ್ಡ ಬೆಳಕು ಹತ್ತರಲ್ಲೊಂದಕ್ಕೆ ಇಳಿಯಲು ಐದೂವರೆ ಗಂಟೆ. ಸಣ್ಣ ಬೆಳಕು ಇಪ್ಪತ್ತೆರಡು ಗಂಟೆ. ಅದಕ್ಕೆ ನಾನೂ ಮುಕ್ತಾಳೂ ಸರದಿಯಲ್ಲಿ ಕೂತೆವು. ನೂರು ಎಲ್ಲಿಂದ ಬಂತು ಇಜಾಝ್? ಈ ಪ್ರಶ್ನೆಗೆ ನಿನ್ನ ಕಾಗದದಲ್ಲಿ ಉತ್ತರ ಇಲ್ಲ. ನಿಯಮ ಉಂಟು, ಸ್ವಿಚ್ಚು ಉಂಟು, ನೀನು ಅಳೆದ ಒಂದೇ ಒಂದು ಅಂಕೆ ಇಲ್ಲ.

ನಾನು ಸರಿಯಾಗಿ ನೋಡಿಕೊಂಡಿಲ್ಲ ಎಂದು ನೀನು ಹೇಳುವ ಹಾಗಿಲ್ಲ. ನಿನ್ನ ಉಪ್ಪನೇ ಕಲಿಸಿದ ಕ್ರಮ ನನ್ನದು. 1981ರಲ್ಲಿ ಮೊದಲ ಟಾರ್ಚು ಕೊಂಡಾಗ ಅವರು ಹೇಳಿದ್ದರು, "ಮಾಸ್ಟ್ರೇ, ಸೆಲ್ಲಿಗೆ ಆಗಾಗ ಬಿಸಿಲು ತೋರಿಸಿ, ನಾಲ್ಕು ದಿನ ಹೆಚ್ಚು ಬರ್ತದೆ." ಅವತ್ತಿನಿಂದ ಇವತ್ತಿನವರೆಗೆ ತಪ್ಪಿಸಿಲ್ಲ. ಈ ಟಾರ್ಚಿನ ಸೆಲ್ಲನ್ನೂ ತಂದ ದಿನದಿಂದ, ಚಾರ್ಜ್ ತುಂಬಿದ ಮೇಲೆ, ದಿನಾ ಹನ್ನೊಂದರಿಂದ ಎರಡರವರೆಗೆ ತಾರಸಿಯಲ್ಲಿ ತಗಡಿನ ಮೇಲೆ ಇಡುತ್ತೇನೆ. ಪಕ್ಕದಲ್ಲೇ ಮುಕ್ತಾಳ ಹಲಸಿನ ಹಪ್ಪಳ ಒಣಗುತ್ತಿರುತ್ತದೆ. ಹಪ್ಪಳಕ್ಕೆ ಕಾಗೆ ಕಾಯುವವನು ಸೆಲ್ಲನ್ನೂ ಕಾಯುತ್ತೇನೆ.

ನನ್ನ ನೆನಪು ದೊಡ್ಡದು, ಅದು ನನ್ನ ರೋಗ. 1974ರಲ್ಲಿ ನಮ್ಮ ರೇಷನ್ ಅಂಗಡಿಯ ಸೀಮೆಎಣ್ಣೆ ಅಳತೆಯ ತಳವನ್ನು ಒಳಕ್ಕೆ ಬಡಿದಿದ್ದರು. ಕೇಳಿದವರು ಯಾರೂ ಇಲ್ಲ. ನಂತೂರು ಜಂಕ್ಷನ್ನು ಆರು ತಿಂಗಳಲ್ಲಿ ಸರಿಯಾಗುತ್ತದೆ ಎಂದು ಹಾಕಿದ ಬೋರ್ಡು ತುಕ್ಕು ಹಿಡಿದು ಬಿತ್ತು. ಎಲ್ಲ ಕಡೆಯೂ ಹೀಗೆ, ಬರೆದದ್ದು ಒಂದು, ಇರುವುದು ಒಂದು. ಬಂದರಿನಲ್ಲಿ ಒಂದು ಅಂಗಡಿ ಹಾಗಿರಲಿಲ್ಲ. ಅದರ ಹೆಸರನ್ನು ನೀನು ಈ ಸಾಲಿಗೆ ಸೇರಿಸಬೇಡ.

ಜೂನ್ 15ರವರೆಗೆ ಕಾಯುತ್ತೇನೆ. ಪೆಟ್ಟಿಗೆಯ ಮೇಲಿನ ಅಂಕೆಯನ್ನು ಅಳಿಸು, ಇಲ್ಲವೇ ಅದು ಎಲ್ಲಿಂದ ಬಂತೆಂದು ಹೇಳು. ಎರಡೂ ಆಗದಿದ್ದರೆ ನಾನು ಪತ್ರಿಕೆಗೆ ಬರೆಯಲೇಬೇಕಾಗುತ್ತದೆ.

ಹರಿದಾಸ


ದೇರೆಬೈಲ್
19 ಜೂನ್ 2025

ಇಜಾಝ್,

ನಿನ್ನ ಉತ್ತರ ಬರಲಿಲ್ಲ. ತಮೀಮ್ ನಿನ್ನೆ ಬಂದಿದ್ದ. "ಇಜಾಝ್ ಎಂತದೂ ಕೊಡಲಿಲ್ಲ ಸರ್, ಬರೆಯಲಿಕ್ಕೆ ಕೂತು ಹರಿದು ಹಾಕಿದ" ಎಂದ.

ಇಂದಿನ ಪತ್ರಿಕೆಯ ತುಂಡನ್ನು ಇದರೊಂದಿಗೆ ಇಟ್ಟಿದ್ದೇನೆ. ಅಂಗಡಿಯ ಹೆಸರು ಬರೆದಿದ್ದೇನೆ. ಹೆಸರಿಲ್ಲದ ದೂರು ಗಾಳಿಯಲ್ಲಿ ಕಲ್ಲು ಹೊಡೆದ ಹಾಗೆ.

ಬರೆದು ಸಂತೋಷವಾಗಿಲ್ಲ.

ಹರಿದಾಸ


ಶಾರ್ಜಾ
27 ಜೂನ್ 2025

ಸರ್,

ಸಲಾಂ. ಈ ಸಲ ಹರಿಯುವುದಿಲ್ಲ, ಬರೆದದ್ದನ್ನು ಹಾಗೆಯೇ ಕಳಿಸುತ್ತೇನೆ.

ಪತ್ರಿಕೆಯನ್ನು ನಿಮಗಿಂತ ಮೊದಲು ರೈಹಾನಾ ಫೋಟೋ ತೆಗೆದು ಕಳಿಸಿದ್ದಳು. ಮೊದಲ ದಿನ ಹನ್ನೊಂದು ಟಾರ್ಚು ವಾಪಸು ಬಂತು. ಶನಿವಾರಕ್ಕೆ ಇಪ್ಪತ್ತೇಳು. ಒಬ್ಬರು ಗಲ್ಲಾದ ಮುಂದೆ ನಿಂತು, "ಪುತ್ತುಬಾವ ಇದ್ದಿದ್ದರೆ ಹೀಗಾಗ್ತಿರಲಿಲ್ಲ" ಎಂದರಂತೆ. ರೈಹಾನಾ ಅತ್ತದ್ದು ಅದಕ್ಕೆ, ಟಾರ್ಚಿಗೆ ಅಲ್ಲ.

ನೂರು ಎಲ್ಲಿಂದ ಬಂತೆಂದು ಕೇಳಿದಿರಿ. ಹೇಳುತ್ತೇನೆ. ಕಾರ್ಖಾನೆಯ ಏಜೆಂಟ್ ಪೆಟ್ಟಿಗೆಯ ನಮೂನೆ ತೋರಿಸಿದ. ಹೆಸರಿನ ಜಾಗ ಖಾಲಿ, ಬಣ್ಣದ ಜಾಗ ಖಾಲಿ, ಗಂಟೆಯ ಜಾಗವೂ ಖಾಲಿ. "ಎಷ್ಟು ಹಾಕಲಿ ಭಾಯ್? ಐವತ್ತು? ನೂರು? ಇನ್ನೂರು ಹಾಕಿಸಿಕೊಳ್ಳುವವರೂ ಇದ್ದಾರೆ" ಎಂದು ಕೇಳಿದ, ಚಹಾಕ್ಕೆ ಎಷ್ಟು ಸಕ್ಕರೆ ಎಂದು ಕೇಳುವ ಹಾಗೆ. ನಾನು ಮರ್ಯಾದಸ್ಥನ ಹಾಗೆ ನಡುವಿನದ್ದನ್ನು ಆರಿಸಿದೆ. ಟಾರ್ಚನ್ನು ಒಂದು ದಿನವೂ ಅಳೆಯಲಿಲ್ಲ ಸರ್. ಹತ್ತರಲ್ಲೊಂದರ ನಿಯಮವನ್ನು ಓದಿದ್ದು ನಿಮ್ಮ ಮೊದಲ ಕಾಗದ ಬಂದ ಮೇಲೆ.

ನಿಮಗೆ ಲೋಲಕದ ಪ್ರಯೋಗ ನೆನಪಿರಬೇಕು. ನಾನು ಸೀನಿಯರ್ ಒಬ್ಬನ ಪುಸ್ತಕ ನೋಡಿ ಗುರುತ್ವಾಕರ್ಷಣೆಯ ಉತ್ತರವನ್ನು ಸರಿಯಾಗಿ ಒಂಬೈನೂರ ಎಂಬತ್ತು ತಂದಿದ್ದೆ. ನೀವು ಇಡೀ ತರಗತಿಯ ಮುಂದೆ, "ಲೋಲಕ ನಿನ್ನ ಕಿವಿಯಲ್ಲಿ ಬಂದು ಹೇಳಿತಾ ಮಾರಾಯ?" ಎಂದು ಕೇಳಿದಿರಿ. ಸಂಜೆ ಐದರವರೆಗೆ ಕೂರಿಸಿ ಮತ್ತೆ ಮಾಡಿಸಿದಿರಿ. ಒಂಬೈನೂರ ನಲವತ್ತೊಂದು ಬಂತು. ಅಳುತ್ತಾ ತೋರಿಸಿದೆ. "ತಪ್ಪಿದ್ದರೆ ತಪ್ಪಿರಲಿ, ಇದು ನೀನು ಕಣ್ಣಲ್ಲಿ ಕಂಡ ಅಂಕೆ" ಎಂದು ಪೂರ್ತಿ ಅಂಕ ಕೊಟ್ಟಿರಿ. ನಲವತ್ತೆರಡನೇ ವಯಸ್ಸಿನಲ್ಲಿ ನಾನು ಮತ್ತೆ ಸೀನಿಯರ್ ಪುಸ್ತಕ ನೋಡಿ ಬರೆದೆ.

ಇನ್ನೊಂದು ವಿಷಯ. ಇದನ್ನು ಬರೆಯಲಾರದೆಯೇ ಮೇ ತಿಂಗಳ ಕಾಗದಕ್ಕೆ ಉತ್ತರ ಹರಿದು ಹಾಕಿದ್ದು. ಸರ್, ಇದು ಹಳೆಯ ಕಾಲದ ಸೆಲ್ ಅಲ್ಲ, ಲಿಥಿಯಂ. ಇದಕ್ಕೆ ಬಿಸಿಲು ಆಗುವುದಿಲ್ಲ. ಚಾರ್ಜ್ ತುಂಬಿದ ಸೆಲ್ಲನ್ನು ಎರಡು ತಿಂಗಳು ಸುಡುವ ತಗಡಿನ ಮೇಲೆ ಇಟ್ಟರೆ ಅದರ ಶಕ್ತಿ ಶಾಶ್ವತವಾಗಿ ಕುಗ್ಗುತ್ತದೆ, ಸಿಡಿಯಲೂಬಹುದು. ನಿಮ್ಮ ಮೂರು ಅಂಕೆಗಳೂ ಬಿಸಿಲಲ್ಲಿ ಬೆಂದ ಸೆಲ್ಲಿನವು. ನಿಮ್ಮ ಕಾಗದದ ಆ ಸಾಲು ಓದಿದ ಕೂಡಲೇ ನನಗೆ ಗೊತ್ತಾಯಿತು. ಆದರೆ ಬಿಸಿಲಿಗಿಡಲು ಹೇಳಿದ್ದು ಉಪ್ಪ. ಉಪ್ಪನ ಮಾತು ತಪ್ಪು ಎಂದು ನಿಮಗೆ ನಾನು ಹೇಗೆ ಬರೆಯುವುದು? ಅವರ ಬಗ್ಗೆ ಅಷ್ಟು ಚಂದ ಬರೆದವರಿಗೆ?

ದಯವಿಟ್ಟು ಆ ಸೆಲ್ಲನ್ನು ಇನ್ನು ಮುಟ್ಟಬೇಡಿ. ರೈಹಾನಾಳಿಂದ ಹೊಸದು ತೆಗೆದುಕೊಳ್ಳಿ.

ಅಂಗಡಿ ಜುಲೈ ಕೊನೆಗೆ ಮುಚ್ಚುವುದೆಂದು ಅವಳು ಹೇಳುತ್ತಿದ್ದಾಳೆ. ನಾನು ಬೇಡ ಎನ್ನಲಿಲ್ಲ.

ಇಜಾಝ್


ದೇರೆಬೈಲ್
9 ಜುಲೈ 2025

ಪ್ರೀತಿಯ ಇಜಾಝ್,

ನಿನ್ನ ಕಾಗದ ಓದಿ ಮುಗಿಸಿ ತಾರಸಿಗೆ ಹೋದೆ. ಮಳೆಗಾಲ, ತಗಡು ಖಾಲಿ. ಅಲ್ಲಿಂದ ಇಳಿದು ಮುಕ್ತಾಳಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಾ, "ನಾನು ಅವತ್ತೇ ಹೇಳಿದೆ, ಹಪ್ಪಳದ ಹತ್ತಿರ ಅದನ್ನು ಇಡ್ಬೇಡಿ ಅಂತ" ಎಂದಳು. "ನಿನಗೆ ಲಿಥಿಯಂ ವಿಷಯ ಗೊತ್ತಿತ್ತಾ?" ಎಂದು ಕೇಳಿದೆ. "ನನಗೆ ಹಪ್ಪಳದ ವಿಷಯ ಗೊತ್ತಿತ್ತು" ಎಂದಳು.

ಮೂವತ್ತನಾಲ್ಕು ವರ್ಷ ಭೌತಶಾಸ್ತ್ರ ಕಲಿಸಿದವನು. ಲಿಥಿಯಂ ಎಂದು ಸೆಲ್ಲಿನ ಮೇಲೆ ಬರೆದದ್ದನ್ನು ನನ್ನ ಕಣ್ಣಿನಿಂದಲೇ ಓದಿದ್ದೆ. ಆದರೂ ಟಾರ್ಚ್ ಎಂದ ಕೂಡಲೇ ಕೈಗೆ ನೆನಪಾದದ್ದು ನಿನ್ನ ಉಪ್ಪನ ಮಾತು. ಅವರು ತಪ್ಪು ಹೇಳಲಿಲ್ಲ ಇಜಾಝ್, ಇದನ್ನು ನೀನು ಸರಿಯಾಗಿ ತಿಳಿದುಕೋ. ಅವರು ಹೇಳಿದ್ದು ಅವರು ಮಾರಿದ ಸೆಲ್ಲಿಗೆ, ಅದಕ್ಕೆ ಅದು ನಡೆಯುತ್ತಿತ್ತು. ಬೇರೆ ಸೆಲ್ಲಿಗೆ ಹಚ್ಚಿದವನು ನಾನು. ನಾನು ಅಳೆದದ್ದು ಸರಿ, ಯಾವುದನ್ನು ಅಳೆಯುತ್ತಿದ್ದೇನೆ ಎಂದು ನೋಡಲಿಲ್ಲ.

ಮರುದಿನ ಬೆಳಗ್ಗೆಯೇ ಮೀಟರು ಕಟ್ಟಿಕೊಂಡು ಬಸ್ಸು ಹತ್ತಿ ಬಂದರಿಗೆ ಹೋದೆ. ರೈಹಾನಾ ಟಾರ್ಚುಗಳನ್ನು ಪೆಟ್ಟಿಗೆಗೆ ತುಂಬಿಸುತ್ತಿದ್ದಳು.

"ಬನ್ನಿ ಮಾಸ್ಟ್ರೇ. ಇನ್ನು ಎಂತ ಬರೆಯಲಿಕ್ಕೆ ಬಾಕಿ ಉಂಟು?" ಎಂದಳು. ಕೂತುಕೊಳ್ಳಿ ಎನ್ನಲಿಲ್ಲ.

"ನನ್ನ ತಪ್ಪು ಬರೆಯಲಿಕ್ಕೆ ಉಂಟು" ಎಂದೆ. ಬಿಸಿಲಿನ ಕಥೆ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ನಗಲಿಕ್ಕೆ ಶುರುಮಾಡಿದಳು. "ಉಪ್ಪನ ಬಿಸಿಲಾ? ಅಲ್ಲಾಹ್! ಉಮ್ಮ ಈಗಲೂ ರಿಮೋಟಿನ ಸೆಲ್ಲನ್ನು ಕಿಟಕಿಯಲ್ಲಿ ಇಡ್ತಾರೆ ಮಾಸ್ಟ್ರೇ!" ತಾಯಿಯ ಆ ಅಭ್ಯಾಸ ಹೇಳಿ ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ಆಮೇಲೆ ಸ್ಟೂಲು ಎಳೆದು ಕೊಟ್ಟಳು.

ಆರು ದಿನ ಅಂಗಡಿಯ ಹಿಂದಿನ ಗೋದಾಮಿನಲ್ಲಿ ಕೂತೆ. ಮುಚ್ಚಿದ ಪೆಟ್ಟಿಗೆಗಳಿಂದ ನಾನೇ ಆರಿಸಿದ ಆರು ಟಾರ್ಚು. ಗಡಿಯಾರ ರೈಹಾನಾಳ ಕೈಯಲ್ಲಿ, ಮೀಟರು ನನ್ನ ಕೈಯಲ್ಲಿ. ದೊಡ್ಡ ಬೆಳಕಿನಲ್ಲಿ ಚಿಕ್ಕ ಅಕ್ಷರ ಕಾಣುವವರೆಗೆ ಸರಾಸರಿ ನಾಲ್ಕು ಗಂಟೆ ಹನ್ನೊಂದು ನಿಮಿಷ. ಅತಿ ಕಡಿಮೆ ನಾಲ್ಕು ಗಂಟೆ ನಾಲ್ಕು ನಿಮಿಷ, ಅತಿ ಹೆಚ್ಚು ನಾಲ್ಕು ಗಂಟೆ ಹದಿನೆಂಟು. ಸಣ್ಣ ಬೆಳಕು ಮೂವತ್ತೊಂದು ಗಂಟೆ. ನೂರು ಸುಳ್ಳೇ, ಅದನ್ನು ನಾನು ಬಿಡುವುದಿಲ್ಲ. ಆದರೆ ನನ್ನ ಎರಡು ಗಂಟೆ ಐವತ್ತು ನಿಮಿಷವೂ ಸುಳ್ಳು.

ನಾಲ್ಕನೇ ದಿನ ನಮ್ಮ ದೇರೆಬೈಲಿನ ಒಲಿಂಡಾ ಬಾಯಿ ಟಾರ್ಚು ವಾಪಸು ಮಾಡಲು ಬಂದರು. ನನ್ನನ್ನು ಕಂಡು ಅಲ್ಲೇ ನಿಂತರು.

"ನಿಮ್ಮ ಕಾಗದ ಓದಿಯೇ ತಂದದ್ದು ಸರ್. ಈಗ ನೀವೇ ಮಾರಲಿಕ್ಕೆ ಕೂತಿದ್ದೀರಾ?"

ನಾನು ಲಿಥಿಯಂ, ಬಿಸಿಲು, ಹತ್ತರಲ್ಲೊಂದು ಪಾಲು, ಹೊಸ ಸೆಲ್ಲಿನ ನಾಲ್ಕು ಗಂಟೆ, ಎಲ್ಲವನ್ನೂ ವಿವರಿಸಲು ಹೊರಟೆ. ಅವರು ಕೈ ಎತ್ತಿ ತಡೆದರು. "ಪಾಠ ಬೇಡ. ನಾಲ್ಕು ಗಂಟೆ ಉರೀತದಾ ಇಲ್ವಾ, ಅದು ಹೇಳಿ."

"ಉರಿಯುತ್ತದೆ."

"ಮತ್ತೆ ನೂರು ಅಂತ ಯಾಕೆ ಬರೆದದ್ದು? ನಾಲ್ಕು ಸಾಕಿತ್ತಲ್ಲ. ಸಂಜೆ ಕರೆಂಟು ಹೋದ್ರೆ ನನಗೆ ಜಪಸರದ ಪ್ರಾರ್ಥನೆ ಮುಗಿಸಿ ಊಟ ಬಡಿಸುವಷ್ಟು ಬೆಳಕು ಬೇಕು. ನಾಲ್ಕು ಗಂಟೆ ಪ್ರಾರ್ಥನೆ ಮಾಡಿದ್ರೆ ದೇವರಿಗೇ ನಿದ್ರೆ ಬಂದೀತು." ಟಾರ್ಚನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಹೋದರು.

ಬಾಯಿ ಹೋದ ದಾರಿಯನ್ನೇ ರೈಹಾನಾ ನೋಡುತ್ತಿದ್ದಳು. "ನಾಲ್ಕು ಸಾಕಿತ್ತಂತೆ ಮಾಸ್ಟ್ರೇ" ಎಂದಳು. ಸಂಜೆಯವರೆಗೆ ಪೆಟ್ಟಿಗೆಗೆ ತುಂಬಿಸಿದ್ದನ್ನೆಲ್ಲ ಮತ್ತೆ ಕಪಾಟಿನಲ್ಲಿ ಜೋಡಿಸಿದಳು. ಕಟ್ಟಡದವರಿಗೆ ಬೀಗದ ಕೈ ಕೊಡುವ ಮಾತು ಆಮೇಲೆ ನನಗೆ ಕೇಳಿಸಲಿಲ್ಲ.

ಪತ್ರಿಕೆಗೆ ನನ್ನ ತಪ್ಪನ್ನು ಬರೆದು ಕಳಿಸಿದೆ. ಸಂಪಾದಕರು ಫೋನ್ ಮಾಡಿ, "ಇಷ್ಟು ವರ್ಷದಲ್ಲಿ ಮೊದಲ ಸಲ ನೀವು ನಿಮ್ಮ ಮೇಲೆಯೇ ದೂರು ಕೊಟ್ಟದ್ದು" ಎಂದು ನಕ್ಕರು. ಸೋಮವಾರ ಬಂತು. ತುಂಡನ್ನು ಇಟ್ಟಿದ್ದೇನೆ. ದೂರು ಎರಡು ಕಾಲಂ ಬಂದಿತ್ತು, ತಪ್ಪೊಪ್ಪಿಗೆ ಆರು ಸಾಲು. ಅದರ ಮೇಲೂ ನನಗೆ ಸಿಟ್ಟುಂಟು, ಆದರೆ ಈ ತಿಂಗಳು ಸುಮ್ಮನಿರುತ್ತೇನೆ.

ನಿನ್ನ ಕಾಗದಕ್ಕೆ ನಾನು ಋಣಿ. ನೂರರ ಗುಟ್ಟನ್ನು ನೀನು ನನ್ನಿಂದ ಮುಚ್ಚಿಡಬಹುದಿತ್ತು, ಬಿಸಿಲಿನ ತಪ್ಪನ್ನು ಮಾತ್ರ ಹೇಳಿ ಗೆಲ್ಲಬಹುದಿತ್ತು. ಎರಡನ್ನೂ ಒಂದೇ ಕಾಗದದಲ್ಲಿ ಬರೆದೆ, ನಿನ್ನದನ್ನು ಮೊದಲು ಬರೆದೆ. ಅದು ಒಂಬೈನೂರ ನಲವತ್ತೊಂದಕ್ಕಿಂತ ದೊಡ್ಡದು.

ಪೆಟ್ಟಿಗೆಯ ಮೇಲೆ ಎಂತ ಹಾಕುತ್ತಿ ಎಂಬುದು ಇನ್ನು ನಿನ್ನ ಕೈಯಲ್ಲಿ.

ನಿನ್ನ
ಹರಿದಾಸ


ಶಾರ್ಜಾ
2 ಆಗಸ್ಟ್ 2025

ಪ್ರೀತಿಯ ಸರ್,

ಸಲಾಂ. ನೀವು ಗೋದಾಮಿನಲ್ಲಿ ಕೂತ ಫೋಟೋವನ್ನು ರೈಹಾನಾ ಕಳಿಸಿದಳು. ಉಪ್ಪನ ಸ್ಟೂಲು ಅದು. ನಾಲ್ಕು ವರ್ಷದಿಂದ ಅದರ ಮೇಲೆ ಯಾರೂ ಕೂತಿರಲಿಲ್ಲ. ಉಮ್ಮ ಕೂರಲು ಬಿಡುತ್ತಿರಲಿಲ್ಲ. ನಿಮ್ಮ ಫೋಟೋ ನೋಡಿ ಉಮ್ಮ, "ಮಾಸ್ಟ್ರಿಗೆ ಬೆನ್ನು ನೋವಾಗ್ಲಿಕ್ಕಿಲ್ವಾ, ದಿಂಬು ಕೊಡು" ಎಂದರಂತೆ.

ಇಲ್ಲಿರುವ ಪೆಟ್ಟಿಗೆಗಳಿಗೆಲ್ಲ ಹೊಸ ಚೀಟಿ ಅಚ್ಚು ಹಾಕಿಸಿದ್ದೇನೆ, ಊರಿಗೂ ಕಳಿಸುತ್ತೇನೆ. ನೂರರ ಮೇಲೆಯೇ ಅಂಟಿಸುವುದು. ಮುಚ್ಚಿದ್ದು ಗೊತ್ತಾಗಬೇಕು ಎಂದು ಚೀಟಿಯನ್ನು ಬೇರೆ ಬಣ್ಣದಲ್ಲಿ ಮಾಡಿಸಿದೆ. ಏಜೆಂಟ್ ನನ್ನನ್ನು ಹುಚ್ಚ ಎಂದ. ಅದರ ಕೆಳಗೆ ಇನ್ನೊಂದು ಸಾಲು ಉಂಟು: 'ಈ ಸೆಲ್ಲನ್ನು ಬಿಸಿಲಿಗೆ ಇಡಬಾರದು.' ಆ ಸಾಲು ನಿಮ್ಮದು ಮತ್ತು ಉಪ್ಪನದು.

ನೀವು ಪತ್ರಿಕೆಗೆ ಬರೆದ ಆರು ಸಾಲನ್ನು ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ನನ್ನ ಮೇಲೆ ಬಂದ ದೂರನ್ನೂ ಇಟ್ಟುಕೊಂಡಿದ್ದೇನೆ. ಎರಡೂ ಬೇಕು.

ಚೀಟಿ ಹಚ್ಚಿದ ಒಂದು ಟಾರ್ಚನ್ನು ತಮೀಮ್ ಕೈಯಲ್ಲಿ ಕಳಿಸುತ್ತೇನೆ. ನೀವು ಅಳೆದು ನೋಡಿ. ತಪ್ಪಿದ್ದರೆ ಕೆಂಪು ಶಾಯಿಯಲ್ಲೇ ಬರೆಯಿರಿ.

ನಿಮ್ಮ
ಇಜಾಝ್


ದೇರೆಬೈಲ್
21 ಸೆಪ್ಟೆಂಬರ್ 2025

ಪ್ರೀತಿಯ ಇಜಾಝ್,

ಟಾರ್ಚು ಬಂತು. ಚೀಟಿ ಓದಿದೆ. 'ಓದಲು ಸಾಕಾಗುವ ಬೆಳಕು: 4 ಗಂಟೆ. ಸಣ್ಣ ಬೆಳಕು: 30 ಗಂಟೆ.'

ಓದಿ ಕೆಂಪು ಪೆನ್ನು ಹುಡುಕಿದೆ. ಆರು ದಿನ ಕೂತು ನಾಲ್ಕು ಗಂಟೆ ಹನ್ನೊಂದು ನಿಮಿಷ ಎಂದು ನಾನು ಕೊಟ್ಟರೆ, ನೀನು ಬರೇ ನಾಲ್ಕು ಎಂದು ಹಾಕಿದ್ದಿ. ಮೂವತ್ತೊಂದನ್ನು ಮೂವತ್ತು ಮಾಡಿದ್ದಿ. ಕಣ್ಣಲ್ಲಿ ಕಂಡ ಅಂಕೆಯನ್ನು ಬರೆ ಎಂದು ಕಲಿಸಿದವನ ಮುಂದೆ ಮತ್ತೆ ಅದೇ ಅಸಡ್ಡೆಯೇ ಎಂದು ಸಿಟ್ಟು ಬಂತು. ಕಾಗದದ ಮೊದಲ ಸಾಲನ್ನೂ ಬರೆದೆ, ಅದು ಇಲ್ಲಿ ಬೇಡ.

ಮುಕ್ತಾ, "ಬೈಯುವ ಮೊದಲು ಒಮ್ಮೆ ಅಳೆಯಿರಿ, ಹೋದ ಸಲದ ಹಾಗೆ ಬೇಡ" ಎಂದಳು. ಆದ್ದರಿಂದ ಉಗ್ರಾಣದ ಬಾಗಿಲು ಮುಚ್ಚಿ ಕೂತೆವು. ಅಕ್ಕಿ ಡಬ್ಬ, ಟಾರ್ಚು, ಚಿಕ್ಕ ಜಾಹೀರಾತಿನ ಪುಟ. ಅವಳ ಕಣ್ಣು ಈಗ ನನ್ನದಕ್ಕಿಂತ ಚುರುಕು, ಹಾಗಾಗಿ ಓದುವ ಕೆಲಸ ಅವಳದ್ದು. ಮನೆ ಬಾಡಿಗೆಗೆ ಉಂಟು, ಎಮ್ಮೆ ಮಾರಲಿಕ್ಕುಂಟು, ವರ ಬೇಕು, ಎಲ್ಲವನ್ನೂ ಓದಿದಳು. ಗಡಿಯಾರದಲ್ಲಿ ನಾಲ್ಕು ಗಂಟೆ ಆಯಿತು. "ಮುಗೀತಾ?" ಎಂದು ಕೇಳಿದೆ. "ಎಲ್ಲಿ ಮುಗಿಯೋದು, ಇನ್ನೂ ಕಾಣ್ತದೆ" ಎಂದಳು. ಮತ್ತೆ ಎಮ್ಮೆಯಿಂದ ಶುರುಮಾಡಿದಳು.

ಆಗ ನನಗೆ ಹಳೆಯ ಟಾರ್ಚಿನ ಹಿಂದಿನ ಮುಚ್ಚಳ ನೆನಪಾಯಿತು. ಸ್ಪ್ರಿಂಗಿನೊಳಗೆ ಹತ್ತಿ ಸುತ್ತಿ ಇಟ್ಟ ಬಲ್ಬು. ನಿನ್ನ ಉಪ್ಪ ಅದನ್ನು ಯಾವ ಪೆಟ್ಟಿಗೆಯ ಮೇಲೂ ಬರೆದಿರಲಿಲ್ಲ, ಯಾವ ಗಿರಾಕಿಗೂ ಹೇಳಿರಲಿಲ್ಲ. ಹೇಳಿದ್ದರೆ ಅದು ವ್ಯಾಪಾರ ಆಗುತ್ತಿತ್ತು. ಹೇಳದ ಕಾರಣ ಅದು ಕೊಸರು, ಅಳತೆಯ ಮೇಲೆ ಸುಮ್ಮನೆ ಕೊಟ್ಟದ್ದು.

ಚೀಟಿಯಲ್ಲಿ ಆ ಹನ್ನೊಂದು ನಿಮಿಷವನ್ನು ನೀನು ತಿಳಿದೇ ಬಿಟ್ಟೆಯೋ ತಿಳಿಯದೆ ಬಿಟ್ಟೆಯೋ ನಾನು ಕೇಳುವುದಿಲ್ಲ. ನೀನೂ ಹೇಳಬೇಡ.

ರೈಹಾನಾ ನಿನ್ನ ಟಿಕೆಟಿನ ತಾರೀಕು ಹೇಳಿದಳು. ಡಿಸೆಂಬರಿನಲ್ಲಿ ನೀನು ಬಂದು ಕೂರುವವರೆಗೆ ಶನಿವಾರ ಶನಿವಾರ ನಾನು ಅಂಗಡಿಗೆ ಹೋಗಿ ಆ ಸ್ಟೂಲನ್ನು ಬೆಚ್ಚಗೆ ಇಟ್ಟಿರುತ್ತೇನೆ. ಬಿಸಿಲಿಗೆ ಇಡುವುದಿಲ್ಲ.

ಅಕ್ಷರ ಕಾಣದಾದಾಗ ಗಡಿಯಾರ ನೋಡಿದೆವು: ನಾಲ್ಕು ಗಂಟೆ ಹನ್ನೆರಡು ನಿಮಿಷ. ಈ ಎಪ್ಪತ್ತೆರಡು ವರ್ಷದಲ್ಲಿ ನಾನು ಕೊಂಡ, ಅಳೆದ, ದೂರಿದ ವಸ್ತುಗಳಲ್ಲಿ, ನಿನ್ನ ಉಪ್ಪನ ಟಾರ್ಚು ಬಿಟ್ಟರೆ, ಬರೆದದ್ದಕ್ಕಿಂತ ಹೆಚ್ಚು ಕೊಟ್ಟದ್ದು ಇದೊಂದೇ. ಇದನ್ನು ಯಾವ ಅಂಕಣಕ್ಕೆ ಬರೆಯುವುದೆಂದು ಗೊತ್ತಾಗದೆ ನಿನಗೆ ಬರೆದಿದ್ದೇನೆ.

ನಿನ್ನ
ಹರಿದಾಸ